ಸೋದರ ಬ್ರಾಂಡ್‌ಗಳು: ಉಳಿಸಬೇಕೇ, ಕೈಬಿಡಬೇಕೇ?

2004ರ ಏಪ್ರಿಲ್ 29ರಂದು ಅಮೆರಿಕದ ಲ್ಯಾನ್ಸಿಂಗ್ ನಗರದ ಕಾರ್ಖಾನೆಯಿಂದ ಕೊನೆಯ ಓಲ್ಡ್ಸ್‌ಮೊಬೈಲ್ ಕಾರು ಹೊರಬಂದಿತು. 1897ರಲ್ಲಿ ಆರಂಭವಾಗಿ, ಮೂರೂವರೆ ಕೋಟಿಗೂ ಹೆಚ್ಚು ವಾಹನಗಳನ್ನು ನೀಡಿದ್ದ ಬ್ರಾಂಡ್ ಅದು. 1980ರ ದಶಕದ ಮಧ್ಯಭಾಗದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಗಿಲಾಗಿ ಮಾರಾಟವಾಗುತ್ತಿದ್ದ ಈ ಹೆಸರು ಇಪ್ಪತ್ತು ವರ್ಷಗಳಲ್ಲಿ ಇತಿಹಾಸದ ಪುಟ ಸೇರಿತು. ಇದರ ಹಿಂದೆ ಪ್ಲಿಮತ್ (2001), ಇದರ ನಂತರ ಪಾಂಟಿಯಾಕ್, ಸ್ಯಾಟರ್ನ್ ಹಾಗೂ ಮರ್ಕ್ಯುರಿ ಇದೇ ಹಾದಿ ಹಿಡಿದವು. ಸೊರಗಿದ ಸೋದರ ಬ್ರಾಂಡನ್ನು ಉಳಿಸಿ ಬೆಳೆಸಬೇಕೇ ಅಥವಾ ಕೈಬಿಡಬೇಕೇ ಎಂಬುದು ಒಂದಕ್ಕಿಂತ ಹೆಚ್ಚು ಹೆಸರಿನಲ್ಲಿ ಸರಕು ಮಾರುವ ಪ್ರತಿಯೊಬ್ಬ ಉದ್ಯಮಿಯೂ ಯೋಚಿಸಬೇಕಾದ ಪ್ರಶ್ನೆಯಾಗಿದೆ.

ಕುಸಿದ ಮೆಟ್ಟಿಲುಗಳು

1920ರ ದಶಕದಲ್ಲಿ ಜನರಲ್ ಮೋಟಾರ್ಸ್‌ನ ಮುಖ್ಯಸ್ಥರಾಗಿದ್ದ ಆಲ್ಫ್ರೆಡ್ ಸ್ಲೋನ್ ಅವರು ಬ್ರಾಂಡ್‌ಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದರು. ಕೆಳಗೆ ಷೆವ್ರೊಲೆ, ಮೇಲೆ ಕ್ಯಾಡಿಲ್ಯಾಕ್; ನಡುವೆ ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್ ಮತ್ತು ಬ್ಯೂಕ್. ಗ್ರಾಹಕನ ಆದಾಯ ಹೆಚ್ಚಿದಂತೆ ಆತ ಅದೇ ಸಂಸ್ಥೆಯ ಮೇಲಿನ ಮೆಟ್ಟಿಲಿಗೆ ಏರಬೇಕೆಂಬುದು ಇದರ ತಿರುಳು. ಪ್ರತಿ ಮೆಟ್ಟಿಲಿಗೂ ತನ್ನದೇ ಬೆಲೆ, ತನ್ನದೇ ಗುಣ, ತನ್ನದೇ ಗಿರಾಕಿ ಇದ್ದಷ್ಟು ಕಾಲ ಈ ವ್ಯವಸ್ಥೆ ಲಾಭ ತಂದಿತು.

ಕಾಲಕ್ರಮದಲ್ಲಿ ವೆಚ್ಚ ತಗ್ಗಿಸುವ ಸಲುವಾಗಿ ಬ್ರಾಂಡ್‌ಗಳ ನಡುವೆ ಚಾಸಿಸ್, ಎಂಜಿನ್ ಮತ್ತು ಬಾಡಿಗಳ ಹಂಚಿಕೆ ಹೆಚ್ಚಿತು. 1977ರಲ್ಲಿ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಷೆವ್ರೊಲೆ ಎಂಜಿನ್ ಇರುವುದನ್ನು ಕಂಡ ಗ್ರಾಹಕರು ನ್ಯಾಯಾಲಯದ ಮೆಟ್ಟಿಲೇರಿದರು. ಅವರು ಹಣ ತೆತ್ತಿದ್ದು ಓಲ್ಡ್ಸ್‌ಮೊಬೈಲ್‌ನ ಹೆಸರಾಂತ ‘ರಾಕೆಟ್’ ಎಂಜಿನ್‌ಗೆ. 1983ರಲ್ಲಿ ‘ಫಾರ್ಚೂನ್’ ಪತ್ರಿಕೆಯು ಜನರಲ್ ಮೋಟಾರ್ಸ್‌ನ ನಾಲ್ಕು ಬ್ರಾಂಡ್‌ಗಳ ನಾಲ್ಕು ಕಾರುಗಳನ್ನು ಮುಖಪುಟದಲ್ಲಿ ಒಟ್ಟಿಗೆ ಮುದ್ರಿಸಿದಾಗ, ಅವುಗಳನ್ನು ಒಂದರಿಂದೊಂದು ಬೇರ್ಪಡಿಸಿ ಗುರುತಿಸುವುದೇ ಕಷ್ಟವಾಗಿತ್ತು. ಒಂದೇ ಸರಕಿಗೆ ನಾಲ್ಕು ನಾಮಫಲಕಗಳಿದ್ದರೆ ದುಬಾರಿಯಾದುದನ್ನು ಕೊಳ್ಳಲು ಗ್ರಾಹಕನಿಗೆ ಕಾರಣವಾದರೂ ಏನಿದೆ?

ಮುಚ್ಚುವುದೂ ಅಗ್ಗವಲ್ಲ

ನಷ್ಟದ ಬ್ರಾಂಡನ್ನು ಒಡನೆಯೇ ನಿಲ್ಲಿಸಬಹುದಿತ್ತಲ್ಲ ಎಂದು ಕೇಳುವುದು ಸುಲಭ. ಆದರೆ ಅಮೆರಿಕದ ರಾಜ್ಯಗಳ ಕಾನೂನುಗಳು ಡೀಲರುಗಳಿಗೆ ಬಲವಾದ ರಕ್ಷಣೆ ನೀಡುತ್ತವೆ. ಓಲ್ಡ್ಸ್‌ಮೊಬೈಲ್ ಮುಚ್ಚಲು ಡೀಲರುಗಳಿಗೆ ನೀಡಿದ ಪರಿಹಾರವೇ ನೂರು ಕೋಟಿ ಡಾಲರ್ ಮೀರಿತು. ಹೀಗಾಗಿ ತೀರ್ಮಾನಗಳು ಮುಂದಕ್ಕೆ ಹೋದವು. 2009ರಲ್ಲಿ ಜನರಲ್ ಮೋಟಾರ್ಸ್ ದಿವಾಳಿ ರಕ್ಷಣೆ ಕೋರಿದಾಗ ಪಾಂಟಿಯಾಕ್ ಮತ್ತು ಸ್ಯಾಟರ್ನ್‌ಗಳನ್ನು ಬಿಡಲೇಬೇಕಾಯಿತು. ಮುಂದಿನ ವರ್ಷ ಫೋರ್ಡ್ ಸಂಸ್ಥೆ ಮರ್ಕ್ಯುರಿಯನ್ನು ಕೊನೆಗೊಳಿಸುವುದಾಗಿ ಘೋಷಿಸಿತು. ಆದರೆ ಬ್ಯೂಕ್ ಉಳಿಯಿತು. ಚೀನಾದಲ್ಲಿ ಅದಕ್ಕೆ ತನ್ನದೇ ಆದ ದೊಡ್ಡ ಗಿರಾಕಿ ವರ್ಗವಿದ್ದುದೇ ಇದಕ್ಕೆ ಮುಖ್ಯ ಕಾರಣ.

ಭಿನ್ನತೆಗೆ ಬಂಡವಾಳ ಬೇಕು

ಭಿನ್ನವಾಗಿದ್ದರೆ ಸಾಕು, ಬ್ರಾಂಡ್ ಬದುಕುತ್ತದೆ ಎಂಬ ನಂಬಿಕೆಯನ್ನು ಸ್ಯಾಟರ್ನ್ ಸುಳ್ಳಾಗಿಸಿತು. 1990ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರುಗಳಿಗೆ ಪ್ರತ್ಯೇಕ ಕಾರ್ಖಾನೆ, ಸುಲಭವಾಗಿ ನೆಗ್ಗದ ಪ್ಲಾಸ್ಟಿಕ್ ಫಲಕಗಳು ಮತ್ತು ಚೌಕಾಸಿಯಿಲ್ಲದ ನಿಗದಿತ ಬೆಲೆಯಿತ್ತು. ಗ್ರಾಹಕರು ಮೆಚ್ಚಿದರು. ಆದರೆ ಆ ದಶಕದುದ್ದಕ್ಕೂ ಸ್ಯಾಟರ್ನ್ ಬಹುಮಟ್ಟಿಗೆ ಒಂದೇ ಸಣ್ಣ ಕಾರಿನ ಶ್ರೇಣಿಯನ್ನು ನೆಚ್ಚಿಕೊಂಡಿತು. ಬಳಿಕ ಬಂದ ಮಾದರಿಗಳು ಸಮೂಹದ ಇತರ ಕಾರುಗಳ ರೂಪಾಂತರಗಳಾದವು. ಸಕಾಲದಲ್ಲಿ ಬಂಡವಾಳ ಹರಿಯದೆ, ಇದ್ದ ಭಿನ್ನತೆಯೂ ಕರಗಿತು.

ಇದಕ್ಕೆ ಪ್ರತಿಯಾದ ನಿದರ್ಶನ ಸ್ಕೋಡಾ. 1991ರಲ್ಲಿ ಫೋಕ್ಸ್‌ವ್ಯಾಗನ್ ಪಾಲು ಖರೀದಿಸಿದಾಗ ಪಶ್ಚಿಮ ಯುರೋಪಿನಲ್ಲಿ ಈ ಜೆಕ್ ಕಾರು ನಗೆಪಾಟಲಿನ ವಸ್ತುವಾಗಿತ್ತು. ಒಡೆಯ ಸಂಸ್ಥೆ ತನ್ನ ಪ್ಲಾಟ್‌ಫಾರಂ ಮತ್ತು ಎಂಜಿನ್‌ಗಳನ್ನು ಹಂಚಿಕೊಂಡಿತು. ಆದರೆ ವಿಶಾಲವಾದ ಒಳಾಂಗಣ, ದೊಡ್ಡ ಡಿಕ್ಕಿ, ಹಣಕ್ಕೆ ತಕ್ಕ ಮೌಲ್ಯ ಎಂಬ ಗುರುತು ಸ್ಕೋಡಾಕ್ಕೇ ಮೀಸಲಾಯಿತು. 1998ರಲ್ಲಿ ಹ್ಯುಂಡೈ ಸುಪರ್ದಿಗೆ ಬಂದ ಕಿಯಾ ಕೂಡ 2006ರಲ್ಲಿ ಜರ್ಮನ್ ವಿನ್ಯಾಸಕಾರ ಪೀಟರ್ ಶ್ರೇಯರ್ ಅವರನ್ನು ಕರೆತಂದು ತನ್ನದೇ ಮುಖಚಹರೆ ರೂಪಿಸಿಕೊಂಡಿತು. ಬಿಡಿಭಾಗಗಳ ಹಂಚಿಕೆ ತಪ್ಪಲ್ಲ. ಗ್ರಾಹಕನ ಕಣ್ಣಿಗೆ ಬೀಳುವ, ಕೈಗೆ ತಾಕುವ ಭಾಗಗಳಲ್ಲಿ ಜಿಪುಣತನ ಸಲ್ಲದು ಎಂಬುದನ್ನು ಇವೆರಡೂ ತೋರಿಸಿಕೊಟ್ಟಿವೆ.

ಭಾರತದ ಅನುಭವ

ಭಾರತದಲ್ಲಿಯೂ ಇಂತಹ ನಿದರ್ಶನಗಳಿಗೆ ಕೊರತೆಯಿಲ್ಲ. ನಿಸಾನ್ ಸಂಸ್ಥೆ 2014ರಲ್ಲಿ ಅಗ್ಗದ ಕಾರುಗಳಿಗಾಗಿ ಮರಳಿ ತಂದ ಡಾಟ್ಸನ್ ಹೆಸರು 2022ರಲ್ಲಿ ನಿಂತುಹೋಯಿತು. ಕಡಿಮೆ ಬೆಲೆಯೊಂದೇ ಬ್ರಾಂಡಿನ ಗುರುತಾಗಲಾರದು ಎಂಬುದು ಇಲ್ಲಿನ ಪಾಠ. ಬಿಡದಿಯಲ್ಲಿ ನೆಲೆಸಿರುವ ಟೊಯೋಟ ಕಿರ್ಲೋಸ್ಕರ್ 2019ರಲ್ಲಿ ಮಾರುತಿ ಬಲೆನೊ ಕಾರನ್ನು ‘ಗ್ಲಾಂಜಾ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಕಾರು ಬಹುತೇಕ ಒಂದೇ ಆಗಿದ್ದರೂ, ಮಾರುತಿಯ 2 ವರ್ಷ ಅಥವಾ 40 ಸಾವಿರ ಕಿಲೋಮೀಟರ್ ವಾರಂಟಿಗೆ ಎದುರಾಗಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ವಾರಂಟಿ ನೀಡಿತು. 2024ರಲ್ಲಿ ಮಾರುತಿಯೂ ಅಷ್ಟೇ ವಾರಂಟಿ ಘೋಷಿಸಿದಾಗ ಆ ಅಂತರ ಅಳಿಯಿತು. ಸುಲಭವಾಗಿ ಅನುಕರಿಸಬಹುದಾದ ಭಿನ್ನತೆ ಬಹುಕಾಲ ಬಾಳದು.

ಉದ್ಯಮಿಗಳು ಗಮನಿಸಬೇಕಾದುದು

ಎಣ್ಣೆ, ಅಗರಬತ್ತಿ, ಪಂಪ್‌ಸೆಟ್ ಅಥವಾ ಸಿದ್ಧ ಉಡುಪು, ಯಾವುದೇ ಸರಕನ್ನು ಎರಡು ಹೆಸರಿನಲ್ಲಿ ಮಾರುವವರು ಒಂದು ಸರಳ ಪರೀಕ್ಷೆ ನಡೆಸಬಹುದು. ಮೊದಲ ಬ್ರಾಂಡನ್ನು ಬಿಟ್ಟು ಎರಡನೆಯದನ್ನೇ ಏಕೆ ಕೊಳ್ಳಬೇಕು ಎಂಬುದಕ್ಕೆ ಅಂಗಡಿಯಾತ ಒಂದೇ ವಾಕ್ಯದಲ್ಲಿ ಉತ್ತರಿಸಬಲ್ಲನೇ? ಉತ್ತರವಿದ್ದರೆ ಆ ಬ್ರಾಂಡಿಗೆ ಧಾರಾಳವಾಗಿ ಹಣ ತೊಡಗಿಸುವುದು ಲೇಸು. ಉತ್ತರವಿಲ್ಲದಿದ್ದರೆ, ಅದನ್ನು ಸೃಷ್ಟಿಸುವ ಶಕ್ತಿಯೂ ಇಲ್ಲದಿದ್ದರೆ, ವ್ಯವಹಾರ ಗಟ್ಟಿಯಾಗಿರುವಾಗಲೇ, ವಿತರಕರಿಗೆ ಸಾಕಷ್ಟು ಮುನ್ಸೂಚನೆ ನೀಡಿ ನಿಲ್ಲಿಸುವುದು ಕ್ಷೇಮ. ಅಂತೆಯೇ, ಒಂದೇ ಬ್ರಾಂಡಿನ ಡೀಲರ್‌ಶಿಪ್ ಅಥವಾ ಬಿಡಿಭಾಗಗಳ ಆರ್ಡರ್ ನಂಬಿ ಸಾಲ ಮಾಡುವವರು, ಆ ಬ್ರಾಂಡ್ ನಿಂತರೆ ದಾಸ್ತಾನು ಮತ್ತು ಹೂಡಿಕೆಯ ಹೊಣೆ ಯಾರದೆಂಬುದನ್ನು ಒಪ್ಪಂದದಲ್ಲಿಯೇ ಬರೆಯಿಸಿಕೊಳ್ಳುವುದು ಒಳಿತು. ಭಿನ್ನತೆಯೂ ಇಲ್ಲದೆ, ಬಂಡವಾಳವೂ ಇಲ್ಲದೆ ಬ್ರಾಂಡೊಂದನ್ನು ಕುಟುಕು ಜೀವದಲ್ಲಿ ಇರಿಸುವುದೇ ಎಲ್ಲಕ್ಕಿಂತ ದುಬಾರಿ ಮಾರ್ಗವೆಂಬುದು ಓಲ್ಡ್ಸ್‌ಮೊಬೈಲ್ ಕಥೆಯ ಸಾರ.