ಮರಳುಗಾಡಿನ ಗುಜರಿ ಮಂದಿ

ಕಾಲ್ಪನಿಕ ಲೋಕದ ಕಥೆಗಳಲ್ಲಿ ಗಾಬ್ಲಿನ್‌ಗಳ ಪಾಡು ಗೊತ್ತೇ ಇದೆಯಲ್ಲ! ಕುಳ್ಳು ದೇಹ, ಹೊಳೆಯುವ ಕಣ್ಣು, ಕಿರಿಕಿರಿ ದನಿ. 1872ರಲ್ಲಿ ಪುಸ್ತಕವಾಗಿ ಬಂದ ಜಾರ್ಜ್ ಮ್ಯಾಕ್‌ಡೊನಾಲ್ಡ್‌ ಅವರ ಮಕ್ಕಳ ಕಥೆಯಲ್ಲೂ, ಟೋಲ್ಕಿನ್ ಅವರ 1937ರ ‘ದಿ ಹಾಬಿಟ್’ನಲ್ಲೂ ಅವರು ಶತ್ರುಗಳೇ. ಎಷ್ಟೋ ಗೇಮ್‌ಗಳಲ್ಲಿ ಹೊಸ ಆಟಗಾರ ಮೊದಲು ಹೊಡೆದು ಪಾಯಿಂಟ್ ಗಳಿಸುವುದು ಗಾಬ್ಲಿನ್‌ಗಳನ್ನೇ. ಅವರು ಏನು ಉಣ್ಣುತ್ತಾರೆ, ಹೇಗೆ ಬದುಕುತ್ತಾರೆ ಎಂದು ಯಾರೂ ಕೇಳುವುದಿಲ್ಲ.

ಅದೇ ರೂಪದ, ಆದರೆ ಬೇರೆಯದೇ ಸ್ವಭಾವದ ಜನ ನನಗೆ ಸಿಕ್ಕಿದ್ದು ‘ಸ್ಟಾರ್ ವಾರ್ಸ್’ನಲ್ಲಿ. ಅವರ ಹೆಸರು ಜಾವಾ. ಅಲ್ಲಿ ಯಾರೂ ಅವರನ್ನು ಗಾಬ್ಲಿನ್ ಎಂದು ಕರೆಯುವುದಿಲ್ಲ. ಆದರೂ ಮೂರಡಿ ಎತ್ತರ, ಟೊಪ್ಪಿಗೆಯ ಕತ್ತಲಿನಲ್ಲಿ ಮಿನುಗುವ ಹಳದಿ ಕಣ್ಣು ನೋಡಿದರೆ ನೆಂಟಸ್ತಿಕೆ ಗೊತ್ತಾಗುತ್ತದೆ. ಅವರಿರುವುದು ಎರಡು ಸೂರ್ಯರಿರುವ ಟಾಟೂಯಿನ್ ಎಂಬ ಮರಳುಗಾಡು ಗ್ರಹದಲ್ಲಿ. 1977ರಲ್ಲಿ ತೆರೆಕಂಡ ಮೊದಲ ಚಿತ್ರಕ್ಕಾಗಿ ಈ ಗ್ರಹದ ದೃಶ್ಯಗಳನ್ನು ಹೆಚ್ಚಾಗಿ ಟ್ಯುನೀಷಿಯಾದಲ್ಲಿ ಚಿತ್ರಿಸಿದರು. ಅಲ್ಲಿನ ತತಾವೀನ್ ಎಂಬ ಊರಿನ ಹೆಸರೇ ಗ್ರಹಕ್ಕೂ ಬಂತು. ಜಾವಾಗಳು ತೊಡುವಂಥ ಟೊಪ್ಪಿಗೆಯ ನಿಲುವಂಗಿ ಉತ್ತರ ಆಫ್ರಿಕಾದ ಜನರಿಗೆ ಹೊಸದೇನಲ್ಲ. ಬಿಸಿಲಿಗೂ ಮರಳಿಗೂ ಅದೇ ರಕ್ಷಣೆ.

ಅವರ ಊರು ಎಂದರೆ ಒಂದು ಬಂಡಿ. ಗಣಿ ಕಂಪನಿಗಳು ಬಿಟ್ಟುಹೋದ ದೈತ್ಯ ವಾಹನವನ್ನು ರಿಪೇರಿ ಮಾಡಿಕೊಂಡು, ಅದರಲ್ಲೇ ಮನೆ, ಗೋದಾಮು, ಅಂಗಡಿ ಎಲ್ಲ ಹೂಡಿದ್ದಾರೆ. ಮರಳಿನಲ್ಲಿ ಬಿದ್ದ ಕಬ್ಬಿಣ, ಕೆಟ್ಟ ಯಂತ್ರ, ದಿಕ್ಕು ತಪ್ಪಿದ ರೋಬಾಟ್‌ಗಳನ್ನು ಆಯ್ದು, ದುರಸ್ತಿ ಮಾಡಿ, ಗಾಳಿಯ ತೇವದಿಂದ ನೀರು ಹಿಡಿಯುವ ರೈತರ ಬಾಗಿಲಿಗೇ ಒಯ್ದು ಮಾರುತ್ತಾರೆ. ಹೊಸದನ್ನು ಕೊಳ್ಳಲು ಕೈಯಲ್ಲಿ ಕಾಸಿಲ್ಲದ ರೈತನಿಗೆ ಈ ಗುಜರಿ ಬಂಡಿಯೇ ಸಂತೆ.

ಹಾಗಂತ ಅವರೇನೂ ಸಂತರಲ್ಲ. ಒಂಟಿಯಾಗಿ ಹೊರಟ ಆರ್2-ಡಿ2 ರೋಬಾಟನ್ನು ಪ್ರಜ್ಞೆ ತಪ್ಪಿಸಿ ಹೊತ್ತೊಯ್ಯುತ್ತಾರೆ. ಅವರು ಮಾರಿದ ಇನ್ನೊಂದು ರೋಬಾಟ್ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹೊಗೆಯಾಡುತ್ತದೆ. ಗಿರಾಕಿ ಕೂಗಾಡುತ್ತಾನೆ, ಮಾಲು ಬದಲಾಗುತ್ತದೆ, ವ್ಯಾಪಾರ ಮುಗಿಯುತ್ತದೆ. ಹಳೇ ಸಾಮಾನಿನ ಅಂಗಡಿಗೆ ಹೋದ ಯಾರಿಗೂ ಇದು ವಿಚಿತ್ರ ಅನ್ನಿಸದು. ಆದರೆ ದಂಡು ಕಟ್ಟಿಕೊಂಡು ಯಾರ ಮನೆಯ ಮೇಲೂ ಅವರು ಏರಿ ಹೋಗುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಅವರ ಮಾತು. ಧ್ವನಿ ವಿನ್ಯಾಸಕ ಬೆನ್ ಬರ್ಟ್ ಅದನ್ನು ದಕ್ಷಿಣ ಆಫ್ರಿಕಾದ ಜುಲು ಭಾಷೆಯನ್ನು ಆಧಾರವಾಗಿಟ್ಟುಕೊಂಡು, ವೇಗ ಹೆಚ್ಚಿಸಿ ರೂಪಿಸಿದರು. ಕೋಟಿಗೂ ಹೆಚ್ಚು ಜನರ ತಾಯ್ನುಡಿ ತೆರೆಯ ಮೇಲೆ ಕಿಚಿಪಿಚಿ ಸದ್ದಾಗಿ, ಪ್ರೇಕ್ಷಕರಿಗೆ ನಗು ತರಿಸಿತು. ಸಬ್‌ಟೈಟಲ್ಲೂ ಇಲ್ಲ. ಅರ್ಥವಾಗದ ಮಾತಿಗೆ ನಗುವುದು ಎಷ್ಟು ಸುಲಭ ನೋಡಿ!

ನಾನು ಬಾಗಲಕೋಟೆ ಕಡೆಯವಳು. ನಮ್ಮ ಕನ್ನಡ ಸಿನಿಮಾದಲ್ಲಿ ಹೆಚ್ಚಾಗಿ ಕೇಳಿಸುವುದು ನಗಿಸುವ ಪಾತ್ರದ ಬಾಯಲ್ಲೇ. ಬೆಂಗಳೂರಿನ ಪಿಜಿಯಲ್ಲಿ ಒಂದು ರಾತ್ರಿ ಫೋನಿನಲ್ಲಿ, ‘ಯಾಕವ್ವಾ, ಏನಾತು? ದನಿ ಯಾಕ ಸಣ್ಣಗಾಗೇತಿ?’ ಎಂದೆ. ಪಕ್ಕದ ಮಂಚದವರು ಅದನ್ನೇ ಅಣಕಿಸಿ ನಕ್ಕರು. ಆ ಕಡೆ ಅವ್ವ ಅಳುತ್ತಿದ್ದಳು. ಅವರ ಕಿವಿಗೆ ಬಿದ್ದದ್ದು ನನ್ನ ಧಾಟಿ ಮಾತ್ರ.

ಚಿತ್ರದಲ್ಲಿ ಮುಂದೆ ಏನಾಗುತ್ತದೆ? ಕಳೆದುಹೋದ ರೋಬಾಟ್‌ಗಳ ಜಾಡು ಹಿಡಿದ ಸಾಮ್ರಾಜ್ಯದ ಸೈನಿಕರು ಆ ಬಂಡಿಯ ಜಾವಾಗಳನ್ನು ಕೊಂದುಹಾಕುತ್ತಾರೆ. ತಪ್ಪು ಮರಳುಗಾಡಿನ ಇನ್ನೊಂದು ಜನಾಂಗದ ತಲೆಗೆ ಬರುವಂತೆ ಗುರುತುಗಳನ್ನೂ ಬಿಟ್ಟುಹೋಗುತ್ತಾರೆ. ಹಿರಿಯ ಬೆನ್ ಕೆನೋಬಿ ಹೆಜ್ಜೆಗುರುತು, ಗುಂಡಿನ ಗುರಿ ನೋಡಿಯೇ ಸತ್ಯ ಹೇಳಿಬಿಡುತ್ತಾನೆ. ಆಮೇಲೆ ಆ ಶವಗಳಿಗೆ ಬೆಂಕಿ ಸಂಸ್ಕಾರ ಆಗುತ್ತದೆ. ಹೆಣ ಹೊತ್ತು ತರುವವರಲ್ಲಿ ಜಾವಾಗಳು ಮಾರಿದ್ದ ಸಿ-3ಪಿಒ ರೋಬಾಟ್ ಕೂಡ ಇದೆ. ಕೆಲವೇ ಕ್ಷಣಗಳ ದೃಶ್ಯ. ಆದರೆ ಅಷ್ಟು ಹೊತ್ತು ನಗಿಸಿದವರು ಅಲ್ಲಿ ಸಾವಿಗೆ ಗೌರವ ಸಲ್ಲಬೇಕಾದ ಜನರಾಗುತ್ತಾರೆ.

2019ರ ‘ದಿ ಮ್ಯಾಂಡಲೋರಿಯನ್’ ಸರಣಿಯ ಎರಡನೇ ಕಂತು ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಬೇರೊಂದು ಗ್ರಹದ ಜಾವಾಗಳು ನಾಯಕನ ಹಡಗಿನ ಬಿಡಿಭಾಗಗಳನ್ನು ಕಳಚಿಕೊಂಡು ಹೋಗುತ್ತಾರೆ. ಅವನು ಗುಂಡು ಹಾರಿಸುತ್ತಾನೆ, ಕೆಲವರನ್ನು ಕೊಲ್ಲುತ್ತಾನೆ. ಒಂದು ಬೋಲ್ಟೂ ಮರಳಿ ಸಿಗುವುದಿಲ್ಲ. ಅವರನ್ನು ಬಲ್ಲ ಕುಯಿಲ್ ಎಂಬ ಮುದುಕ ಆಯುಧ ಕೆಳಗಿಡಿಸಿ ಮಾತುಕತೆಗೆ ಕೂರಿಸುತ್ತಾನೆ. ಜಾವಾಗಳು ಕೇಳುವುದು ಕಾಡುಮೃಗದ ಒಂದು ಮೊಟ್ಟೆ. ತಂದುಕೊಟ್ಟಾಗ ಒಡೆದು, ಎಲ್ಲರೂ ಮುಗಿಬಿದ್ದು ಹಂಚಿಕೊಂಡು ತಿಂದು, ಭಾಗಗಳನ್ನು ವಾಪಸು ಕೊಡುತ್ತಾರೆ. ಬಂದೂಕಿನಿಂದ ಆಗದ್ದು ಚೌಕಾಸಿಯಿಂದ ಆಯಿತು!

ನಮ್ಮಲ್ಲಿ ಅನೇಕರು ಗೇಮಿಂಗ್, ಆನಿಮೇಷನ್, ಕಥೆ ಬರೆಯುವ ಕೆಲಸಗಳತ್ತ ಹೊರಟಿದ್ದೇವೆ. ನಾಳೆ ನಾವೂ ಒಂದು ಕಾಲ್ಪನಿಕ ಜನಾಂಗವನ್ನು ಕಟ್ಟಬೇಕಾಗಬಹುದು. ಕೋರೆಹಲ್ಲು, ಹಸಿರು ಚರ್ಮ ಯಾರಾದರೂ ಬಿಡಿಸುತ್ತಾರೆ. ಅವರ ನೀರು ಎಲ್ಲಿಂದ ಬರುತ್ತದೆ? ಮುರಿದದ್ದನ್ನು ಏನು ಮಾಡುತ್ತಾರೆ? ಊಟ ಹೇಗೆ ಹಂಚಿಕೊಳ್ಳುತ್ತಾರೆ? ಸತ್ತವರಿಗಾಗಿ ಅಳುವವರು ಯಾರು? ಇವಿಷ್ಟಕ್ಕೆ ಉತ್ತರ ಹುಡುಕಿದರೆ ಅವರಿಗೊಂದು ಸಂಸ್ಕೃತಿ ತಾನಾಗಿ ಹುಟ್ಟುತ್ತದೆ. ಆಮೇಲೆ ಅವರನ್ನು ಬರೀ ಪಾಯಿಂಟ್‌ಗಾಗಿ ಕೊಲ್ಲುವುದು ಆಟಗಾರನಿಗೂ ಕಷ್ಟವಾಗುತ್ತದೆ.