ಕುರಿಯ ಕುರುಡು, ಮಕ್ಕಳ ಕಾಯಿಲೆ - ಬೇರು ಒಂದೇ

ಮರಿ ಹುಟ್ಟುವಾಗ ಗಟ್ಟಿಮುಟ್ಟು. ಹಾಲು ಕುಡಿದು, ಮೇಯ್ದು ಚೆನ್ನಾಗೇ ಬೆಳೀತದೆ. ವರ್ಷ ತುಂಬುವ ಹೊತ್ತಿಗೆ ಕಣ್ಣು ಮಂಜಾಗ್ತದೆ. ಹಿಂಡಿನಿಂದ ಹಿಂದೆ ಬೀಳ್ತದೆ. ಎರಡು ವರ್ಷ ಆಗುವಷ್ಟರಲ್ಲಿ ಸಾವು. ನ್ಯೂಜಿಲೆಂಡಿನಲ್ಲಿ ಸೌತ್ ಹ್ಯಾಂಪ್‌ಶೈರ್ ತಳಿಯ ಕುರಿಗಳಲ್ಲಿ ಇಂಥ ರೋಗ ಇತ್ತು. ಅಲ್ಲಿನ ವಿಜ್ಞಾನಿ ರಾಬರ್ಟ್ ಜಾಲಿ ಮತ್ತು ಜೊತೆಯವರು 1976ರಲ್ಲಿ ಇದನ್ನು ಬರೆದು ಪ್ರಕಟಿಸಿದರು.

ಇದೇ ಬಗೆಯ ರೋಗ ಮನುಷ್ಯರ ಮಕ್ಕಳಿಗೂ ಉಂಟು. ಹೆಸರು ಬ್ಯಾಟನ್ ಕಾಯಿಲೆ. ಆಡಿಕೊಂಡಿದ್ದ ಮಗುವಿಗೆ ದೃಷ್ಟಿ ಹೋಗಿ, ಫಿಟ್ಸ್ ಬಂದು, ನಡೆಯೋದು ಮಾತಾಡೋದು ಒಂದೊಂದಾಗಿ ನಿಲ್ಲುತ್ತದೆ. ಹೆಚ್ಚಿನ ಮಕ್ಕಳು ಚಿಕ್ಕ ವಯಸ್ಸಿಗೇ ಸಾಯುತ್ತಾರೆ.

ರೋಗದ ಕುರಿಗಳನ್ನು ಕಡಿದು ಮುಗಿಸದೆ ಸಂಶೋಧನೆಗಾಗಿ ಹಿಂಡು ಕಟ್ಟಿ ಉಳಿಸಿಕೊಂಡರು. ಮಿದುಳಿನ ಕೋಶಗಳಲ್ಲಿ ಒಂದು ಥರ ಕಸ ತುಂಬಿತ್ತು. ಅದು ಕೆಟ್ಟ ಕೊಬ್ಬು ಅಂತ ಮೊದಲು ನಂಬಿದ್ದರು. ಡೇವಿಡ್ ಪಾಮರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕುರಿಗಳಲ್ಲೇ ಪರೀಕ್ಷೆ ಮಾಡಿ, ಅದರಲ್ಲಿ ಹೆಚ್ಚಿನ ಪಾಲು ಒಂದು ಪ್ರೋಟೀನು ಎಂದು ತೋರಿಸಿದರು. ಮಕ್ಕಳಲ್ಲೂ ಬ್ಯಾಟನ್‌ನ ಹೆಚ್ಚಿನ ಬಗೆಗಳಲ್ಲಿ ಅದೇ ಸಿಕ್ಕಿತು.

ಇಲಿ ಸಾಲದೇ?

ಇಲಿ ಸಾಕೋದು ಸುಲಭ, ಖರ್ಚು ಕಡಿಮೆ. ಆದರೆ ಸುಂಡಿಲಿಯ ಮಿದುಳು ಅರ್ಧ ಗ್ರಾಂ ಸುಮಾರು, ಮೇಲ್ಮೈ ನುಣುಪು. ಕುರಿಯದು 100 ಗ್ರಾಂಗೂ ಮೇಲೆ, ನಮ್ಮ ಮಿದುಳಿನ ಹಾಗೆ ಮಡಿಕೆ ಮಡಿಕೆ. ನಮ್ಮದು 1300-1400 ಗ್ರಾಂ. ಇಷ್ಟು ದೊಡ್ಡ ಮಿದುಳಿನ ಮೂಲೆ ಮೂಲೆಗೂ ಔಷಧಿ ಮುಟ್ಟುತ್ತದೋ ಇಲ್ಲವೋ ಇಲಿಯಲ್ಲಿ ತಿಳಿಯೋದಿಲ್ಲ. ಕುರಿ ವರ್ಷಗಟ್ಟಲೆ ಬದುಕುವುದರಿಂದ ನಿಧಾನದ ರೋಗವನ್ನು ಹಂತ ಹಂತವಾಗಿ ನೋಡಬಹುದು.

ಬಾರ್ಡರ್‌ಡೇಲ್ ಎಂಬ ಇನ್ನೊಂದು ತಳಿಯಲ್ಲಿ ಬ್ಯಾಟನ್‌ನ ಮತ್ತೊಂದು ಬಗೆ ಸಿಕ್ಕಿತು. ಲಿಂಕನ್ ವಿಶ್ವವಿದ್ಯಾಲಯದವರು ಸರಿಯಾದ ಜೀನನ್ನು ನಿರಪಾಯದ ವೈರಸ್ಸಿನೊಳಗಿಟ್ಟು ಈ ಮರಿಗಳ ಮಿದುಳಿಗೆ ಕೊಟ್ಟರು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಲಕ್ಷಣ ಕಾಣುವ ಮೊದಲೇ ಕೊಟ್ಟ ಮರಿಗಳಿಗೆ ಒಳ್ಳೆ ಗುಣ ಕಂಡಿತು. ಆದರೆ ದೃಷ್ಟಿ ಪೂರ್ತಿ ಉಳಿಯಲಿಲ್ಲ. ಅದಕ್ಕೆ ಕಣ್ಣಿಗೇ ಬೇರೆ ಚುಚ್ಚುಮದ್ದು ಕೊಟ್ಟು ನೋಡಿದರು. ಇದರ ಆಧಾರದಲ್ಲಿ ಅಮೆರಿಕದಲ್ಲಿ ಮಕ್ಕಳ ಮೇಲೆ ಪ್ರಯೋಗ ಶುರುವಾಯಿತು. 2024ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಕುರಿಯಲ್ಲಿ ಗೆದ್ದದ್ದು ಆಸ್ಪತ್ರೆ ಮುಟ್ಟುವ ದಾರಿ ಉದ್ದ.

ನಮಗೇನು ಪಾಠ?

ಈ ರೋಗ ಅಂಟುವುದಲ್ಲ, ವಂಶದ್ದು. ಕೆಟ್ಟ ಜೀನು ತಂದೆ-ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮರಿಗೆ ರೋಗ. ಒಬ್ಬರಿಂದ ಬಂದರೆ ಕುರಿ ಆರೋಗ್ಯವಾಗೇ ಇರುತ್ತದೆ, ಒಳಗೆ ಹೊತ್ತುಕೊಂಡಿರುತ್ತದೆ. ಅಂಥ ಎರಡು ಕೂಡಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ರೋಗ. ನೋಡೋಕೆ ಚೆಂದ ಇದ್ದ ಟಗರೇ ಹೊತ್ತಿರಬಹುದು.

ನಮ್ಮ ಬಯಲುಸೀಮೆಯಲ್ಲಿ ಒಳ್ಳೆ ಟಗರು ಅಂತ ಐದಾರು ವರ್ಷ ಬಿಡೋರಿದ್ದಾರೆ. ಅದರ ಹೆಣ್ಣುಮರಿಗಳೇ ಗಬ್ಬಕ್ಕೆ ಬಂದಾಗ ಅದೇ ಟಗರು ಹಾರುತ್ತದೆ. ಬಚ್ಚಿಟ್ಟುಕೊಂಡಿದ್ದ ದೋಷ ಹೊರಗೆ ಬರೋದು ಇಲ್ಲಿಯೇ. ಎರಡು ವರ್ಷಕ್ಕೊಮ್ಮೆ ಟಗರು ಬದಲಿಸಿ, ಬೇರೆ ಊರಿನ ಸಂಬಂಧವಿಲ್ಲದ ಹಿಂಡಿನದು ತನ್ನಿ. ಮನೆತನದೊಳಗೇ ಹೆಣ್ಣು ತರುವ ನಮಗೂ ಈ ಲೆಕ್ಕ ಅನ್ವಯಿಸುತ್ತದೆ.

ಹಾಗಂತ ಕುರುಡಾದ ಕುರಿಗೆಲ್ಲ ವಂಶದ ರೋಗ ಅನ್ನಬೇಡಿ. ಕಣ್ಣುಬೇನೆ, ಬರಗಾಲದಲ್ಲಿ ಹಸಿಮೇವಿಲ್ಲದೆ ಎ ಜೀವಸತ್ವದ ಕೊರತೆ, ನಾಯಿಯ ಲಾಡಿಹುಳದಿಂದ ಮಿದುಳಲ್ಲಿ ಗುಳ್ಳೆಯಾಗಿ ಸುತ್ತು ಹಾಕುವುದು - ಇವೇ ನಮ್ಮಲ್ಲಿ ಜಾಸ್ತಿ. ಒಂದೇ ಟಗರಿನ ಮರಿಗಳಲ್ಲಿ ಮತ್ತೆ ಮತ್ತೆ ಒಂದೇ ಲಕ್ಷಣ ಕಂಡರೆ ಮಾತ್ರ ಅನುಮಾನಪಡಿ. ಯಾವ ತಾಯಿ, ಯಾವ ಟಗರು, ಎಷ್ಟು ತಿಂಗಳಿಗೆ ಶುರುವಾಯಿತು ಬರೆದಿಡಿ. ಪಶುವೈದ್ಯರಿಗೆ ತೋರಿಸಿ. ಅಂಥ ಟಗರನ್ನು ಸಂತೆಯಲ್ಲಿ ಬಿತ್ತನೆಗೆ ಅಂತ ಮಾರಿ ಇನ್ನೊಬ್ಬ ರೈತನ ಹಿಂಡಿಗೆ ದಾಟಿಸಬೇಡಿ.