ಬೂದಿಯಲ್ಲಿ ಉಳಿದ ಬರಹ

೨೦೦೩ನೆಯ ಇಸವಿ ಫೆಬ್ರವರಿ ೧ರಂದು, ಭೂಮಿಗೆ ಮರಳುತ್ತಿದ್ದ ಅಮೆರಿಕದ ‘ಕೊಲಂಬಿಯ’ ವ್ಯೋಮನೌಕೆ ಟೆಕ್ಸಾಸಿನ ಬಾನಿನಲ್ಲಿ ಛಿದ್ರಛಿದ್ರವಾಯಿತು. ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಯಾತ್ರಿಕರೂ ಮಡಿದರು.

ನೌಕೆಯಲ್ಲಿ ನಡೆದಿದ್ದ ಪ್ರಯೋಗಗಳಲ್ಲೊಂದು ಕ್ಸೆನಾನ್ ಅನಿಲದ ಸ್ನಿಗ್ಧತೆಯನ್ನು ಕುರಿತದ್ದು. ಅದರ ಅಂಕಿಗಳಲ್ಲಿ ಒಂದು ಭಾಗ ಮಾತ್ರ ಮುಂಚೆಯೇ ರೇಡಿಯೋ ಮೂಲಕ ಭೂಮಿಯನ್ನು ತಲಪಿತ್ತು; ಉಳಿದುದೆಲ್ಲ ಹಾರ್ಡ್ ಡಿಸ್ಕಿನಲ್ಲಿತ್ತು.

ಭಗ್ನಾವಶೇಷಗಳ ನಡುವೆ ಆ ಡಿಸ್ಕು ದೊರೆತಾಗ ಸುಟ್ಟು ಕರಿಕಾದ ಲೋಹದ ಗಟ್ಟಿಯಂತಿತ್ತು. ಒಳಗೆ ಧೂಳು ನುಗ್ಗಿತ್ತು. ಆದರೆ ಮಾಹಿತಿಯು ಕಾಂತಗುರುತುಗಳಾಗಿ ನೆಲಸುವ ತಟ್ಟೆಗಳು ಮಾತ್ರ ಬಾಗಿರಲಿಲ್ಲ. ತಜ್ಞರು ಅವನ್ನು ರಾಸಾಯನಿಕದಿಂದ ತೊಳೆದು, ಹೊಸ ಡಿಸ್ಕಿನ ಪೆಟ್ಟಿಗೆಯಲ್ಲಿ ಕೂರಿಸಿ ತಿರುಗಿಸಿದರು. ಅಲ್ಲಿನ ಗಣಕಯಂತ್ರದ ಹಳೆಯ ‘ಡಾಸ್’ ವ್ಯವಸ್ಥೆ ಅಂಕಿಗಳನ್ನು ಚದರಿಸದೆ ಒಂದೆಡೆ ಬರೆದಿಟ್ಟಿತ್ತು. ಹಾಳಾದದ್ದು ಬರಿದಾಗಿದ್ದ ಭಾಗ. ನೂರಕ್ಕೆ ಸುಮಾರು ೯೯ರಷ್ಟು ಮಾಹಿತಿ ಕೈಸೇರಿತು. ೨೦೦೮ರಲ್ಲಿ ಪ್ರಯೋಗದ ಫಲಿತಾಂಶ ಪ್ರಕಟವಾಯಿತು.

ಇಂಥ ಅದೃಷ್ಟ ಎಲ್ಲರ ಪಾಲಿಗೂ ಬಾರದು. ಮನೆಯ ಡಿಸ್ಕು ಕರಕರ ಸದ್ದು ಮಾಡತೊಡಗಿದರೆ ಅದನ್ನು ಮತ್ತೆ ಮತ್ತೆ ಓಡಿಸದಿರುವುದು, ಬೇಕಾದುದರ ಪ್ರತಿಯೊಂದನ್ನು ಮೊದಲೇ ಬೇರೆಡೆ ಇರಿಸುವುದು ಜಾಣತನ.

ಕೊಲಂಬಿಯದಲ್ಲಿ ದುಡಿದವರು ಮರಳಲಿಲ್ಲ. ಅವರ ದುಡಿಮೆಯ ಒಂದು ಪಾಲು ಮರಳಿತು.